ಎರೆಭೂಮಿಯ ಲಕ್ಷಣಗಳೂ ಅದರ ವರ್ಗೀಕರಣವೂ

ಭೂಮಿಯ ಬಣ್ಣವನ್ನು ನೋಡಿ ಅದರ ಗುಣವನ್ನು ನಿಶ್ಚಯಿಸುವುದು ವ್ಯವಸಾಯಗಾರರಲ್ಲಿ ಬಹುಕಾಲದಿಂದ ಬಂದ ರೂಢಿ. ಕೆಂಪಾಗಿದ್ದರೆ ಮಸಾರಿಯೆಂದೂ ಕಪ್ಪಾಗಿದ್ದರೆ ಎರೆಯೆಂದೂ ಹೆಸರಿಟ್ಟು, ಆ ಹೆಸರಿಗೆ ತಕ್ಕಂತೆ ಬೆಳೆಯನ್ನೂ ಬಿತ್ತನೆಯ ಕಾಲವನ್ನೂ ಗೊತ್ತುಮಾಡುವರು. ಈ ರೂಢಿಯಲ್ಲಿ ತಲೆತಲಾಂತರದ ಅನುಭವವು ಅಡಗಿರುವುದರಿಂದ ಅದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಒಂದೇ ಬದುವಿನ ಆಚೆ ಈಚೆ ಇರುವ ಎರಡು ಕಪ್ಪು ಹೊಲಗಳಲ್ಲಿ ಒಂದು ಹಿಂಗಾರಿ ಜೋಳವನ್ನು ಸಮೃದ್ಧಿಯಾಗಿ ಕೊಡುವುದೂ, ಮತ್ತೊಂದರಲ್ಲಿ ಅದೇ ಮಳೆಗೆ ಪೈರು ತೆನೆಗಟ್ಟುವ ಮೊದಲೇ ಒಣಗುವುದೂ ಉಂಟು. ಒಂದು ಹೊಲವು ಕಾಲುವೆಯ ನೀರನ್ನು ತಾಳಿಕೊಂಡರೆ ಮತ್ತೊಂದು ಕೆಲವೇ ವರ್ಷಗಳಲ್ಲಿ ಚೌಳಾಗುವುದೂ ಉಂಟು. ಬಣ್ಣವು ಎರಡಕ್ಕೂ ಒಂದೇ. ಹಾಗಾದರೆ ಭೇದವು ಎಲ್ಲಿದೆ? ಇದನ್ನು ಕಂಡುಹಿಡಿಯುವುದಕ್ಕಾಗಿಯೇ ಮೃತ್ತಿಕಾಶಾಸ್ತ್ರಜ್ಞರು ಎರೆಭೂಮಿಯನ್ನು ಹೇಗೆ ವರ್ಣಿಸುವರು, ಹೇಗೆ ವರ್ಗೀಕರಿಸುವರು ಎಂಬುದನ್ನು ತಿಳಿಯುವುದು ಅವಶ್ಯ.

೧. ಹೆಸರಿನ ಪೂರ್ವಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಭೂಗರ್ಭಶಾಸ್ತ್ರಜ್ಞರು ದಖನ್ನಿನ ಕಪ್ಪು ಮಣ್ಣನ್ನು ತೆಲುಗಿನ ‘ರೇಗಡ’ ಎಂಬ ಮಾತಿನಿಂದ ‘ರೇಗರ್’ ಎಂದು ಕರೆದರು. ಹತ್ತಿಯು ಇದರಲ್ಲಿ ಚೆನ್ನಾಗಿ ಬರುವುದರಿಂದ ‘ಕಪ್ಪು ಹತ್ತಿಯ ಮಣ್ಣು’ ಎಂಬ ಹೆಸರೂ ಬಂದಿತು. ಭಾರತ ಸರ್ಕಾರದ ವ್ಯವಸಾಯ ರಸಾಯನಶಾಸ್ತ್ರಜ್ಞನಾಗಿದ್ದ ಲೆದರ್ ಎಂಬವನು 1898ರಲ್ಲಿ ಇಂಡಿಯಾದ ಮಣ್ಣುಗಳನ್ನು ಮೆಕ್ಕಲು ಮಣ್ಣು, ಕಪ್ಪು ಮಣ್ಣು, ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದನು. ಈ ವಿಂಗಡಣೆಯಲ್ಲಿ ಬಣ್ಣವೇ ಮುಖ್ಯವಾದ ಗುರುತಾಗಿದ್ದಿತು.

ಬಣ್ಣದ ಗುರುತು ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ರಷ್ಯಾ ದೇಶದ ಕಪ್ಪು ಮಣ್ಣೇ ಸಾಕ್ಷಿ. ‘ಚೆರ್ನೋಜೆಮ್’ ಎಂಬ ಆ ಮಣ್ಣನ್ನು ಕುರಿತು ಡೊಕುಚಾಯೆವ್ ಎಂಬ ಪಂಡಿತನು 1883ರಲ್ಲಿ ಪ್ರಸಿದ್ಧವಾದ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯ ಕಪ್ಪು, ಹುಲ್ಲುಗಾವಲಿನ ಬೇರುಗಳು ಸಾವಿರಾರು ವರ್ಷ ಕೊಳೆತು ಕೂಡಿದ ಸಾವಯವ ಪದಾರ್ಥದ ಕಪ್ಪು. ನಮ್ಮ ಎರೆಯಲ್ಲಾದರೋ ಸಾವಯವ ಇಂಗಾಲವು ಸಾಮಾನ್ಯವಾಗಿ ಶೇಕಡ 1ಕ್ಕೂ ಕಡಿಮೆ. ಆ ಅಲ್ಪಾಂಶವೇ ನುಣ್ಣನೆಯ ಜೇಡಿಯ ಕಣಗಳೊಡನೆ ಬಿಗಿಯಾಗಿ ಬೆರೆತು ಇಡೀ ಮಣ್ಣಿಗೆ ಕಪ್ಪು ಬಣ್ಣವನ್ನು ಕೊಡುತ್ತದೆ. ಆದುದರಿಂದ ಕಪ್ಪಾಗಿರುವ ಮಾತ್ರಕ್ಕೆ ಎರೆಯು ಗೊಬ್ಬರದಿಂದ ತುಂಬಿದ ಮಣ್ಣೆಂದು ಭಾವಿಸಿ ಗೊಬ್ಬರ ಹಾಕುವುದನ್ನು ಬಿಡತಕ್ಕದ್ದಲ್ಲ.

೨. ಎರೆಯ ಮುಖ್ಯ ಧರ್ಮ

ಎರೆಯ ನಿಜವಾದ ಗುರುತು ಅದರ ನಡತೆಯಲ್ಲಿದೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಇದಕ್ಕೆ ಕಾರಣವು ಅದರ ಜೇಡಿಯ ಜಾತಿ. ಸ್ಮೆಕ್ಟೈಟ್ ಎಂಬ ಈ ಜಾತಿಯ ಖನಿಜದ ಕಣವು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುವ ತೆಳುವಾದ ಪದರಗಳಿಂದಾಗಿದೆ. ಪದರಗಳ ನಡುವಣ ಬಂಧವು ಸಡಿಲವಾದುದರಿಂದ ನೀರು ಒಳಹೊಕ್ಕು ಅವುಗಳನ್ನು ದೂರ ತಳ್ಳುತ್ತದೆ. ನೀರು ಆರಿದಾಗ ಪದರಗಳು ಮತ್ತೆ ಹತ್ತಿರ ಬರುತ್ತವೆ. ಕೆಂಪು ಭೂಮಿಯಲ್ಲಿ ಹೆಚ್ಚಾಗಿರುವ ಕಯೊಲಿನೈಟ್ ಎಂಬ ಜೇಡಿಯಲ್ಲಿ ಪದರಗಳ ಬಂಧವು ಬಿಗಿಯಾಗಿರುವುದರಿಂದ ಈ ಧರ್ಮವು ಕಾಣುವುದಿಲ್ಲ.

ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳೊಳಕ್ಕೆ ಮೇಲಿನ ಹುಡಿಮಣ್ಣು ಉದುರುತ್ತದೆ. ಮಳೆ ಬಿದ್ದು ಕೆಳಗಿನ ಮಣ್ಣು ಉಬ್ಬಿದಾಗ, ಒಳಗೆ ಬಿದ್ದ ಮಣ್ಣಿಗೆ ಸ್ಥಳ ಸಾಲದೆ ಒತ್ತಡವುಂಟಾಗಿ ಮಣ್ಣು ಓರೆಯಾಗಿ ಜರುಗುತ್ತದೆ. ಹೀಗೆ ಭೂಮಿಯು ತನ್ನನ್ನು ತಾನೇ ಕಲಕಿಕೊಳ್ಳುವುದರಿಂದ ಶಾಸ್ತ್ರಜ್ಞರು ‘ತಿರುಗಿಸು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಇದಕ್ಕೆ ‘ವರ್ಟಿಸಾಲ್’ ಎಂದು ಹೆಸರಿಟ್ಟರು. ಈ ಹೆಸರಿನಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು.

ಎರೆಯು ಒಂದೇ ಬಗೆಯ ಕಲ್ಲಿನಿಂದ ಹುಟ್ಟಿದುದೂ ಅಲ್ಲ. ವಿಜಯಪುರದ ಕಡೆ ಅದು ದಖನ್ನಿನ ಕಪ್ಪು ಶಿಲೆಯಿಂದಲೂ, ಕಲಬುರಗಿಯ ದಕ್ಷಿಣ ಭಾಗದಲ್ಲಿ ಸುಣ್ಣಕಲ್ಲಿನಿಂದಲೂ, ಗದಗ ಧಾರವಾಡಗಳ ಕಡೆ ಪದರಶಿಲೆಗಳಿಂದಲೂ ಬಂದಿರುತ್ತದೆ.

೩. ಗುಂಡಿ ತೋಡಿ ವರ್ಣಿಸುವ ಕ್ರಮ

ಮಣ್ಣನ್ನು ಮೇಲಿನಿಂದ ನೋಡಿ ವರ್ಣಿಸಲಾಗದು. ಸುಮಾರು ಒಂದೂವರೆ ಮೀಟರ್ ಆಳದ, ಒಬ್ಬನು ಇಳಿದು ನಿಲ್ಲುವಷ್ಟು ಅಗಲದ ಗುಂಡಿಯನ್ನು ತೋಡಿ, ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆತ್ತಿ ಪದರಗಳನ್ನು ಗುರುತಿಸುವರು. ಬಳಿಕ ಪ್ರತಿಯೊಂದು ಪದರಕ್ಕೂ ಈ ಕೆಳಗಿನ ಲಕ್ಷಣಗಳನ್ನು ಬರೆದುಕೊಳ್ಳುವರು.

ಬಣ್ಣ: ಇದನ್ನು ಕಣ್ಣಂದಾಜಿನಿಂದ ಹೇಳದೆ ಮನ್ಸೆಲ್ ಎಂಬವನ ಬಣ್ಣದ ಪಟ್ಟಿಯೊಡನೆ ಹೋಲಿಸಿ ಅಂಕಿಗಳಲ್ಲಿ ಬರೆಯುವರು. ಒದ್ದೆ ಎರೆಯು ‘10 ವೈಆರ್ 3/1’ ಎಂಬ ಗುರುತಿಗೆ ಸರಿಹೋದರೆ, ಅದು ಬಹು ಗಾಢವಾದ ಬೂದುಬಣ್ಣವೆಂದು ಯಾವ ದೇಶದವನಾದರೂ ತಿಳಿಯಬಲ್ಲನು.

ಕಣಗಳ ಪ್ರಮಾಣ: 2 ಮಿಲಿಮೀಟರಿಗಿಂತ ಸಣ್ಣದಾದ ಮಣ್ಣಿನಲ್ಲಿ ಮರಳು, ಗೋಡು, ಜೇಡಿ ಎಂಬ ಮೂರು ಅಂಶಗಳಿವೆ. ಇವುಗಳಲ್ಲಿ 0.002 ಮಿಲಿಮೀಟರಿಗೂ ಸಣ್ಣದಾದುದು ಜೇಡಿ. ಹೊಲದಲ್ಲಿ ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯುವರು. ಪಟ್ಟಿಯು ತುಂಡಾಗದೆ ಉದ್ದವಾಗಿ ಬಂದಷ್ಟೂ ಜೇಡಿ ಹೆಚ್ಚೆಂದು ತಿಳಿಯತಕ್ಕದ್ದು.

ರಚನೆ: ಎರೆಯ ಒಳಪದರದ ಹೆಂಟೆಗಳು ಬೆಣೆಯ ಆಕಾರದಲ್ಲಿ ಓರೆಯಾಗಿ ಕೂತಿರುತ್ತವೆ. ಅವುಗಳನ್ನು ಬಿಡಿಸಿದರೆ ಕೆಲವು ಮೈಗಳು ಉಜ್ಜಿದಂತೆ ಹೊಳೆಯುತ್ತ, ಸಣ್ಣ ಗೀರುಗಳಿಂದ ಕೂಡಿರುವುವು. ಉಬ್ಬಿದ ಮಣ್ಣು ಒಂದರ ಮೇಲೊಂದು ಜಾರಿದುದರಿಂದ ಇವು ಉಂಟಾಗುವುವು. ಈ ‘ಜಾರುಮೈ’ಗಳೇ ಎರೆಯನ್ನು ಗುರುತಿಸಲು ಅತ್ಯಂತ ನಂಬತಕ್ಕ ಸಾಕ್ಷಿ. ಬಿರುಕುಗಳು ಮಳೆಗಾಲದಲ್ಲಿ ಮುಚ್ಚಿಹೋಗುತ್ತವೆ. ಜಾರುಮೈಗಳು ಎಲ್ಲ ಕಾಲದಲ್ಲಿಯೂ ಉಳಿದಿರುತ್ತವೆ.

ಸುಣ್ಣ: ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲದ ಹನಿಯನ್ನು ಬಿಟ್ಟಾಗ ಮಣ್ಣು ನೊರೆಯೆದ್ದರೆ ಅದರಲ್ಲಿ ಸುಣ್ಣವುಂಟು. ಸುಣ್ಣದ ಹರಳುಗಳು ಎಷ್ಟು ಆಳದಲ್ಲಿ ಆರಂಭವಾಗುವುವೆಂಬುದನ್ನೂ ಗುರುತುಮಾಡುವರು. ಇವಲ್ಲದೆ ಬೇರುಗಳು ಇಳಿದ ಆಳ, ಬಿರುಕುಗಳ ಅಗಲ, ಕಲ್ಲು ಅಥವಾ ಗರಸು ಸಿಕ್ಕುವ ಆಳ ಇವುಗಳನ್ನೂ ಬರೆಯುವರು.

೪. ವರ್ಗೀಕರಣದ ಮೆಟ್ಟಿಲುಗಳು

ಅಮೆರಿಕದ ವ್ಯವಸಾಯ ಇಲಾಖೆಯು 1975ರಲ್ಲಿ ಪ್ರಕಟಿಸಿದ ವರ್ಗೀಕರಣವು ಇಂಡಿಯಾದಲ್ಲಿಯೂ ಬಳಕೆಯಲ್ಲಿದೆ. ನಾಗಪುರದಲ್ಲಿ 1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೃತ್ತಿಕಾ ಸಮೀಕ್ಷಣ ಸಂಸ್ಥೆಯೂ ಇದನ್ನೇ ಅನುಸರಿಸುತ್ತದೆ. ಇದರಲ್ಲಿ ಗಣ, ಉಪಗಣ, ಮಹಾವರ್ಗ, ಉಪವರ್ಗ, ಕುಟುಂಬ, ಶ್ರೇಣಿ ಎಂದು ಆರು ಮೆಟ್ಟಿಲುಗಳಿವೆ. ಮೊದಲು 10 ಗಣಗಳಿದ್ದು, ತರುವಾಯ ಎರಡು ಸೇರಿ ಈಗ 12 ಆಗಿವೆ. ಅವುಗಳಲ್ಲಿ ವರ್ಟಿಸಾಲ್ ಒಂದು.

ಯಾವ ಮಣ್ಣಾದರೂ ಈ ಗಣಕ್ಕೆ ಸೇರಬೇಕಾದರೆ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಮೊದಲನೆಯದಾಗಿ, 50 ಸೆಂಟಿಮೀಟರಿನ ಆಳದವರೆಗೂ, ಅದಕ್ಕೆ ಮೊದಲೇ ಗಟ್ಟಿಬಂಡೆ ಸಿಕ್ಕಿದರೆ ಅಲ್ಲಿಯವರೆಗೂ, ಜೇಡಿಯು ಶೇಕಡ 30ಕ್ಕೆ ಕಡಿಮೆಯಾಗಿರಬಾರದು. ಎರಡನೆಯದಾಗಿ, ಬಿರುಕುಗಳು ಕಾಲಕಾಲಕ್ಕೆ ತೆರೆದು ಮುಚ್ಚುತ್ತಿರಬೇಕು. ಮೂರನೆಯದಾಗಿ, 25 ಸೆಂಟಿಮೀಟರಿಗೆ ಕಡಿಮೆಯಿಲ್ಲದ ದಪ್ಪದ, ಜಾರುಮೈಗಳಾಗಲಿ ಓರೆಯಾದ ಬೆಣೆಹೆಂಟೆಗಳಾಗಲಿ ಉಳ್ಳ ಪದರವೊಂದು ಮೇಲಿನ ಒಂದು ಮೀಟರಿನೊಳಗೆ ಆರಂಭವಾಗಬೇಕು.

ಉಪಗಣವನ್ನು ಮುಖ್ಯವಾಗಿ ಮಣ್ಣಿನ ತೇವದ ಸ್ಥಿತಿಯಿಂದ ನಿಶ್ಚಯಿಸುವರು. ಬಯಲುಸೀಮೆಯ ಎರೆಯು ವರ್ಷದಲ್ಲಿ ಒಟ್ಟು 90 ದಿನಗಳಿಗೆ ಕಡಿಮೆಯಿಲ್ಲದಂತೆ ಬಿರಿದಿರುವುದರಿಂದ ಬಹುಮಟ್ಟಿಗೆ ‘ಅಸ್ಟರ್ಟ್’ ಎಂಬ ಉಪಗಣಕ್ಕೆ ಸೇರುತ್ತದೆ.

ಮುಂದಿನ ಮೆಟ್ಟಿಲಿನ ಚರಿತ್ರೆಯು ಬೋಧಪ್ರದವಾದುದು. 1975ರ ಗ್ರಂಥದಲ್ಲಿ ಇವನ್ನು ಕಡುಗಪ್ಪಾದವು ‘ಪೆಲ್ಲಸ್ಟರ್ಟ್’, ಕಂದು ಮಿಶ್ರಿತವಾದವು ‘ಕ್ರೋಮಸ್ಟರ್ಟ್’ ಎಂದು ಬಣ್ಣದಿಂದಲೇ ಇಬ್ಭಾಗ ಮಾಡಿದ್ದರು. 1999ರ ಎರಡನೆಯ ಆವೃತ್ತಿಯಲ್ಲಿ ಈ ಭೇದವನ್ನು ಕೈಬಿಟ್ಟು, ಉಪ್ಪು, ಸುಣ್ಣ, ಜಿಪ್ಸಂ ಮೊದಲಾದವುಗಳ ಆಧಾರದ ಮೇಲೆ ಮಹಾವರ್ಗಗಳನ್ನು ಏರ್ಪಡಿಸಿರುವರು. ಬಣ್ಣಕ್ಕೆ ಕೆಳಗಿನ ಉಪವರ್ಗದಲ್ಲಿ ಮಾತ್ರ ಸ್ಥಾನ ಉಳಿದಿದೆ. ಕೊನೆಯ ಮೆಟ್ಟಿಲಾದ ಶ್ರೇಣಿಗೆ, ಆ ಮಣ್ಣನ್ನು ಮೊದಲು ವರ್ಣಿಸಿದ ಊರಿನ ಅಥವಾ ಸ್ಥಳದ ಹೆಸರನ್ನು ಇಡುವುದು ವಾಡಿಕೆ.

೫. ಈ ಭೇದಗಳಿಂದ ವ್ಯವಸಾಯಗಾರನಿಗೇನು ಪ್ರಯೋಜನ?

ಮೊದಲು ಹೇಳಿದ ಎರಡು ಹೊಲಗಳ ಭೇದಕ್ಕೆ ಈಗ ಕಾರಣ ಸಿಕ್ಕುತ್ತದೆ. ಒಂದರಲ್ಲಿ ಮಣ್ಣು ಒಂದೂವರೆ ಮೀಟರ್ ಆಳವಿದ್ದು ಹಿಂಗಾರಿಯ ಪೈರಿಗೆ ಬೇಕಾದ ತೇವವನ್ನು ತನ್ನೊಳಗೆ ಶೇಖರಿಸಿಟ್ಟಿರುವುದು. ಮತ್ತೊಂದರಲ್ಲಿ ಮೇಲೆ ಅದೇ ಕಪ್ಪು ಇದ್ದರೂ ಮೊಳದಾಳದಲ್ಲಿಯೇ ಕಲ್ಲು ಸಿಕ್ಕುತ್ತದೆ. ಅದು ಹಿಡಿಯುವ ತೇವವು ಅಲ್ಪವಾದುದರಿಂದ, ಅದನ್ನು ಖಾಲಿ ಬಿಟ್ಟು ಹಿಂಗಾರಿಗೆ ಕಾಯುವುದಕ್ಕಿಂತ ಮುಂಗಾರಿನ ಅಲ್ಪಾವಧಿ ಬೆಳೆಯನ್ನು ತೆಗೆಯುವುದು ಲೇಸು.

ಸೋಡಿಯಂ ಸೇರಿದ ಎರೆಯಲ್ಲಿ ಹಾನಿಯು ಇನ್ನೂ ಹೆಚ್ಚು. ಜೇಡಿಯು ಹಿಡಿದಿರುವ ವಿನಿಮಯಶೀಲ ಲವಣಾಂಶಗಳಲ್ಲಿ ಸೋಡಿಯಂ ಶೇಕಡ 15ನ್ನು ಮುಟ್ಟಿದರೆ ಅದನ್ನು ‘ಸೋಡಿಕ್’ ಉಪವರ್ಗಕ್ಕೆ ಸೇರಿಸುವರು. ಅದಕ್ಕಿಂತ ಕಡಿಮೆಯಿದ್ದಾಗಲೂ ಎರೆಯಲ್ಲಿ ನೀರು ಇಂಗುವುದು ತಗ್ಗುವುದುಂಟು. ಇಂತಹ ಹೊಲಕ್ಕೆ ಬಸಿಗಾಲುವೆಯಿಲ್ಲದೆ ನೀರು ಕಟ್ಟಿದರೆ, ನೀರು ನಿಂತು ಬೇರು ಉಸಿರುಗಟ್ಟುತ್ತದೆ. ಒಳಗಿನ ಉಪ್ಪು ಮೇಲಕ್ಕೇರುತ್ತದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಅಚ್ಚುಕಟ್ಟಿನಲ್ಲಿ ಸಿಂಧನೂರು, ಗಂಗಾವತಿ, ಸಿರುಗುಪ್ಪಗಳ ಕಡೆ ಫಲವತ್ತಾದ ಎಷ್ಟೋ ಎರೆಹೊಲಗಳು ಜೌಗಾಗಿಯೂ ಚೌಳಾಗಿಯೂ ಕೆಟ್ಟುಹೋದುದು ಎಲ್ಲರಿಗೂ ತಿಳಿದ ವಿಷಯ. ನೀರು ಬರುವ ಮೊದಲು ಮಣ್ಣನ್ನು ಅರಿತು ಬಸಿಗಾಲುವೆಗೆ ತಗಲುವ ವೆಚ್ಚಕ್ಕಿಂತ, ಕೆಟ್ಟ ಭೂಮಿಯನ್ನು ಮತ್ತೆ ಹದಕ್ಕೆ ತರುವ ಶ್ರಮವೂ ಕಾಲವೂ ಹೆಚ್ಚು.

೬. ರೈತರು ಮಾಡಬಹುದಾದ ಪರೀಕ್ಷೆಗಳು

(೧) ಬೇಸಿಗೆಯಲ್ಲಿ ಬಿರುಕುಗಳು ತೆರೆದಿರುವಾಗ ಹೊಲದ ಎತ್ತರದ ಭಾಗದಲ್ಲೊಂದು, ತಗ್ಗಿನಲ್ಲೊಂದು ಗುಂಡಿಯನ್ನು ತೋಡಿ ಮಣ್ಣಿನ ಆಳವನ್ನು ಅಳೆಯತಕ್ಕದ್ದು. ಬಿರುಕುಬಿಟ್ಟ ಗೋಡೆ ಕುಸಿಯುವ ಭಯವಿರುವುದರಿಂದ ಒಬ್ಬಂಟಿಯಾಗಿ ಇಳಿಯಬಾರದು. ಪರೀಕ್ಷೆ ಮುಗಿದೊಡನೆ ಗುಂಡಿಯನ್ನು ಮುಚ್ಚಬೇಕು.

(೨) ಪ್ರತಿಯೊಂದು ಪದರದಿಂದಲೂ ಒಣಗಿದ ಸಣ್ಣ ಹೆಂಟೆಯನ್ನು ತೆಗೆದು ಗಾಜಿನ ಲೋಟದಲ್ಲಿ ಶುದ್ಧವಾದ ಮಳೆಯ ನೀರಿನಲ್ಲಿ ಕದಲಿಸದೆ ಇಡತಕ್ಕದ್ದು. ಹೆಂಟೆಯು ಬರಿದೆ ಬಿಚ್ಚಿಕೊಂಡು ತಳದಲ್ಲಿ ಕೂತು ನೀರು ತಿಳಿಯಾಗಿದ್ದರೆ ಭಯಕ್ಕೆ ಕಾರಣ ಕಡಿಮೆ. ಅದರ ಸುತ್ತ ಮಂಜಿನಂತೆ ರಾಡಿ ಹಬ್ಬಿ ನೀರು ಕದಡಿಯೇ ನಿಂತರೆ ಸೋಡಿಯಂ ಇರುವ ಶಂಕೆಯುಂಟು. ಉಪ್ಪುನೀರಿನಲ್ಲಿ ಈ ರಾಡಿ ಏಳದೆ ಇರಬಹುದಾದುದರಿಂದ ಬಾವಿಯ ನೀರನ್ನು ಉಪಯೋಗಿಸಬಾರದು.

(೩) ಶಂಕೆ ಕಂಡುಬಂದಲ್ಲಿ ಪದರವಾರಾಗಿ ಮಾದರಿಗಳನ್ನು ಬೇರೆಬೇರೆ ಚೀಲಗಳಲ್ಲಿ ತುಂಬಿ, ಆಳವನ್ನು ಚೀಟಿಯಲ್ಲಿ ಬರೆದು, ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸತಕ್ಕದ್ದು. ಮೇಲ್ಮಣ್ಣೊಂದನ್ನೇ ಕಳುಹಿಸಿದರೆ ಒಳಗಿನ ದೋಷವು ತಿಳಿಯಲಾರದು. ಜಿಪ್ಸಂ ಹಾಕಬೇಕೆ, ಹಾಕುವುದಾದರೆ ಎಷ್ಟು ಎಂಬುದನ್ನು ಈ ಪರೀಕ್ಷೆಯಿಂದಲೇ ಗೊತ್ತುಮಾಡಬೇಕೇ ಹೊರತು ನೆರೆಹೊಲದವರನ್ನು ನೋಡಿ ಅಲ್ಲ.

ಎರೆಯು ಉದಾರವಾದ ಭೂಮಿ. ಆದರೆ ಒಮ್ಮೆ ಕೆಟ್ಟರೆ ಬೇಗನೆ ಸುಧಾರಿಸುವುದಲ್ಲ. ಅದರ ಕಪ್ಪನ್ನು ಮಾತ್ರ ನಂಬದೆ, ಆಳ, ಬಿರುಕು, ಜಾರುಮೈ, ಸುಣ್ಣ, ಸೋಡಿಯಂ ಎಂಬ ಐದನ್ನು ವಿಚಾರಿಸಿ ಬೆಳೆಯನ್ನೂ ನೀರನ್ನೂ ಗೊತ್ತುಮಾಡುವ ರೈತನು ತನ್ನ ಹೊಲವನ್ನು ಮಕ್ಕಳ ಕಾಲಕ್ಕೂ ಉಳಿಸಿಕೊಳ್ಳುವನು.