ಹೊಲದಲ್ಲಿ ಸಿಕ್ಕ ಲೋಹದ ಗಟ್ಟಿ

ನಮ್ಮ ರಾಯದುರ್ಗ, ಮಡಕಶಿರದ ಕಡೆ ಮಳೆ ಬಿದ್ದು ಉಳುವಾಗ ನೇಗಿಲ ಕುಳಕ್ಕೆ ಒಮ್ಮೊಮ್ಮೆ ಭಾರವಾದ ಗಟ್ಟಿಯೊಂದು ತಗಲುವುದುಂಟು. ಕೆಲವರು ಬಂಗಾರವೆಂದು ಬಚ್ಚಿಡುತ್ತಾರೆ. ಕೆಲವರು ಗುಜರಿಯವನು ಕೊಟ್ಟಷ್ಟಕ್ಕೆ ಮಾರುತ್ತಾರೆ. ಎರಡಕ್ಕೂ ಮೊದಲು ನಾವೇ ಪರೀಕ್ಷಿಸಿ ನೋಡೋಣ.

ಬಾಲವೋ ತಿರುಪೋ ಇರುವ ಸಿಡಿಗುಂಡಿನಂತೆ ಕಂಡರೆ ಮಾತ್ರ ಮುಟ್ಟದೆ ಪೊಲೀಸರಿಗೆ ತಿಳಿಸತಕ್ಕದ್ದು.

ಮೊದಲು ಸೂಜಿಗಲ್ಲು ಹಿಡಿಯಿರಿ. ಬಲವಾಗಿ ಎಳೆದರೆ ಕಬ್ಬಿಣವುಂಟು. ಹಗುರಾಗಿ, ಮೈಯೆಲ್ಲ ತೂತಾಗಿದ್ದರೆ ಹಳೆಯ ಕುಲುಮೆಯ ಕಿಟ್ಟ, ಅದಕ್ಕೆ ಬೆಲೆಯಿಲ್ಲ. ಎಳೆಯದಿದ್ದರೆ ಒಂದು ಮೂಲೆಯನ್ನು ಅರದಿಂದ ಉಜ್ಜಿ. ಕೆಂಪು ಬಂದರೆ ತಾಮ್ರ. ಹಳದಿ ಬಂದರೆ ಹಿಗ್ಗುವುದು ಬೇಡ, ಹೆಚ್ಚಾಗಿ ಅದು ಹಿತ್ತಾಳೆ.

ಸಂಶಯವನ್ನು ನೀರು ಕಳೆಯುತ್ತದೆ. ಗಟ್ಟಿಯನ್ನು ತೂಗಿ; ಬಳಿಕ ದಾರದಲ್ಲಿ ತೂಗುಹಾಕಿ, ತಳ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಮತ್ತೆ ತೂಗಿ. ಮೊದಲ ತೂಕವನ್ನು ಕಡಿಮೆಯಾದ ತೂಕದಿಂದ ಭಾಗಿಸಿ. 850 ಗ್ರಾಮಿನ ಗಟ್ಟಿ ನೀರಿನಲ್ಲಿ 775 ತೂಗಿದರೆ ಕಳೆದದ್ದು 75, ಭಾಗಿಸಿದರೆ 11.3, ಅದು ಸೀಸ. ಕಬ್ಬಿಣಕ್ಕೆ 7.8, ಹಿತ್ತಾಳೆಗೆ ಸುಮಾರು 8.5, ತಾಮ್ರಕ್ಕೆ 8.9, ಬೆಳ್ಳಿಗೆ 10.5, ಬಂಗಾರಕ್ಕೆ 19.3. ಹಿತ್ತಾಳೆಗೂ ಬಂಗಾರಕ್ಕೂ ಎಷ್ಟು ಅಂತರ ನೋಡಿ! ಬೆರಕೆ ಲೋಹವಾದರೆ ಅಂಕಿ ನಡುವೆ ನಿಲ್ಲುತ್ತದೆ. ಆಗ ನಂಬುವ ಅಕ್ಕಸಾಲಿಗನಿಗೆ ತೋರಿಸಿ.

ಸೀಸವನ್ನು ಅಡುಗೆಯ ಒಲೆಯ ಮೇಲೆ ಕರಗಿಸಬೇಡಿ. ಅದರ ಹೊಗೆ, ಬೂದಿ ಮಕ್ಕಳಿಗೆ ವಿಷ.

ನಾಣ್ಯ, ವಿಗ್ರಹ, ಅಕ್ಷರ ಕೊರೆದ ಲೋಹಕ್ಕೆ ಅರ ತಾಗಿಸಲೇಬಾರದು. ನೆಲದಲ್ಲಿ ಹುದುಗಿದ್ದ, 10 ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸಿದೆ.