ಮೂತ್ರಪಿಂಡ ರೋಗಿಯ ರಾತ್ರಿಯೂಟ: ಪಥ್ಯವೆಂದರೆ ಉಪವಾಸವಲ್ಲ

ಕಳೆದ ಬೇಸಿಗೆಯಲ್ಲಿ ವೃದ್ಧ ದಂಪತಿಗಳು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಯಜಮಾನರಿಗೆ ಹದಿನೈದು ವರ್ಷಗಳಿಂದ ಮಧುಮೇಹವಿತ್ತು. ಎರಡು ವರ್ಷಗಳಿಂದ ಮೂತ್ರಪಿಂಡಗಳ ಕಾರ್ಯವೂ ಕುಂದಿತ್ತು. ಅವರ ಧರ್ಮಪತ್ನಿಯವರು ಚೀಲದಿಂದ ಒಂದು ನೋಟುಬುಕ್ಕನ್ನು ತೆಗೆದು ನನ್ನ ಮುಂದಿಟ್ಟರು. ವೈದ್ಯರು, ನೆಂಟರು, ನೆರೆಯವರು 'ತಿನ್ನಬಾರದು' ಎಂದು ಹೇಳಿದ ಪದಾರ್ಥಗಳ ಹೆಸರುಗಳು ಮೂರು ಪುಟಗಳ ತುಂಬ ಇದ್ದವು. "ಇದನ್ನೆಲ್ಲಾ ಬಿಟ್ರ, ರಾತ್ರಿ ಇವರಿಗೆ ಏನ್ ಮಾಡಿ ಹಾಕ್ಲಿರಿ ಡಾಕ್ಟ್ರೇ?" ಎಂದು ಆ ತಾಯಿ ಕೇಳಿದರು.

ಇಷ್ಟು ದಿನ ಏನು ಕೊಡುತ್ತಿದ್ದಿರಿ ಎಂದು ವಿಚಾರಿಸಿದೆ. ನಾಲ್ಕು ತಿಂಗಳಿಂದ ರಾತ್ರಿ ಬರಿಯ ಅಕ್ಕಿಯ ಗಂಜಿ, ಮಲಗುವ ಮುನ್ನ ಒಂದು ಎಳನೀರು. ಯಜಮಾನರ ತೂಕ 62 ಕಿಲೋದಿಂದ 55ಕ್ಕೆ ಇಳಿದಿತ್ತು. ಎಳನೀರು ಕೊಡಲು ಹೇಳಿದವರು ಯಾರೆಂದು ಕೇಳಿದಾಗ ಆ ತಾಯಿ ಸಂಕೋಚದಿಂದ, "ತಂಪು ಅಂತ ನೀವೇ ಹೇಳಿದ್ರಲ್ರಿ" ಎಂದರು. ಹಲವು ವರ್ಷಗಳ ಹಿಂದೆ, ಅವರ ಮೂತ್ರಪಿಂಡಗಳು ಸರಿಯಾಗಿದ್ದ ಕಾಲದಲ್ಲಿ, ಉರಿಮೂತ್ರಕ್ಕೆಂದು ನಾನೇ ಹೇಳಿದ್ದ ಮಾತದು. ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಂದೇ ರಕ್ತಪರೀಕ್ಷೆ ಮಾಡಿಸಿದೆವು. ಪೊಟ್ಯಾಸಿಯಂ 6.2 ಇತ್ತು, ಸಾಮಾನ್ಯವಾಗಿ ಅದು 3.5ರಿಂದ 5ರೊಳಗೆ ಇರಬೇಕು. ತಡಮಾಡದೆ ಅವರನ್ನು ಮೂತ್ರಪಿಂಡ ತಜ್ಞರಲ್ಲಿಗೆ ಕಳುಹಿಸಿದೆ. ಸಕಾಲದಲ್ಲಿ ಚಿಕಿತ್ಸೆ ದೊರೆತು ಅವರು ಉಳಿದರು.

ಒಂದೇ ಮನೆಯಲ್ಲಿ ಎರಡು ತಪ್ಪುಗಳು ಒಟ್ಟಿಗೆ ನಡೆದಿದ್ದವು. ಬೇಕಾದುದನ್ನು ಬಿಡಿಸಲಾಗಿತ್ತು, ಬೇಡವಾದುದನ್ನು ಔಷಧವೆಂದು ಕೊಡಲಾಗಿತ್ತು. ಪಥ್ಯವೆಂದರೆ ಉಪವಾಸವಲ್ಲ, ಅಳತೆ. ಚರಕ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದ ಹೆಸರೇ 'ಮಾತ್ರಾಶಿತೀಯ'. ಆಹಾರವನ್ನು ಮಾತ್ರೆಯರಿತು, ಎಂದರೆ ಪ್ರಮಾಣವರಿತು ಸೇವಿಸಬೇಕೆಂಬುದು ಅದರ ಮುಖ್ಯ ವಿಷಯ. ಮೂತ್ರಪಿಂಡ ರೋಗಿಯ ರಾತ್ರಿಯೂಟಕ್ಕೆ ಈ ತತ್ತ್ವವನ್ನು ಹೇಗೆ ಅನ್ವಯಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ.

ಮೊದಲನೆಯ ಅಳತೆ: ಉಪ್ಪು

ಇಡೀ ದಿನಕ್ಕೆ 5 ಗ್ರಾಂ ಉಪ್ಪನ್ನು ಮೀರಬಾರದು. ಸಮತಟ್ಟಾಗಿ ತುಂಬಿದ ಒಂದು ಚಹಾ ಚಮಚ ಉಪ್ಪು ಸುಮಾರು ಇಷ್ಟೇ ತೂಗುತ್ತದೆ. ಆಹಾರ ಪದಾರ್ಥಗಳಲ್ಲಿಯೂ ಸಹಜವಾಗಿ ಸ್ವಲ್ಪ ಸೋಡಿಯಂ ಇರುವುದರಿಂದ, ಬೆಳಿಗ್ಗೆಯೇ ರೋಗಿಗೆಂದು ಒಂದು ಪುಟ್ಟ ಡಬ್ಬಿಯಲ್ಲಿ ಮುಕ್ಕಾಲು ಚಮಚ ಉಪ್ಪನ್ನು ತೆಗೆದಿಡಿ. ರಾತ್ರಿಯೂಟಕ್ಕೆ ಅದರಲ್ಲಿ ಕಾಲು ಚಮಚ ಸಾಕು. ಅಡುಗೆಯನ್ನು ಮನೆಮಂದಿಗೆಲ್ಲ ಒಟ್ಟಿಗೆ ಉಪ್ಪಿಲ್ಲದೆ ಬೇಯಿಸಿ, ರೋಗಿಯ ಪಾಲನ್ನು ಬೇರೆ ತೆಗೆದು, ಉಳಿದುದಕ್ಕೆ ಉಪ್ಪು ಹಾಕಿ. ರೋಗಿಯ ಪಾಲಿಗೆ ಡಬ್ಬಿಯ ಉಪ್ಪನ್ನು ಕೊನೆಯಲ್ಲಿ ಮೇಲೆ ಉದುರಿಸಿದರೆ ನಾಲಿಗೆಗೆ ಬೇಗ ರುಚಿ ತಿಳಿಯುತ್ತದೆ. ಕೆಲವು ವಾರಗಳಲ್ಲಿ ನಾಲಿಗೆ ಕಡಿಮೆ ಉಪ್ಪಿಗೆ ಹೊಂದಿಕೊಳ್ಳುತ್ತದೆ.

ಚರಕ ಸಂಹಿತೆಯ ವಿಮಾನಸ್ಥಾನವು ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳೆಂದು ಹಿಪ್ಪಲಿ, ಕ್ಷಾರ ಮತ್ತು ಲವಣಗಳನ್ನು ಹೆಸರಿಸಿದೆ. ಉಪ್ಪಿನಕಾಯಿಯಲ್ಲಿ ಲವಣ ತುಂಬಿರುತ್ತದೆ. ಹಪ್ಪಳ, ಸಂಡಿಗೆಗಳಲ್ಲಿ ಲವಣದ ಜೊತೆಗೆ ಹಲವು ವೇಳೆ ಕ್ಷಾರವೂ ಇರುತ್ತದೆ. ಕಾಳು ಬೇಗ ಬೇಯಲೆಂದು ಹಾಕುವ ಅಡುಗೆ ಸೋಡಾವೂ ಸೋಡಿಯಮ್ಮೇ ಆಗಿದೆ. ಇವುಗಳನ್ನು ರೋಗಿಯ ತಟ್ಟೆಯಿಂದ ದೂರವಿಡಬೇಕು.

ಸೈಂಧವ ಲವಣದ ಬಗೆಗೂ ಒಂದು ಮಾತು. ಆಯುರ್ವೇದವು ಲವಣಗಳಲ್ಲಿ ಸೈಂಧವವನ್ನು ಶ್ರೇಷ್ಠವೆಂದಿರುವುದು ನಿಜ. ಆದರೆ ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸಾಮಾನ್ಯ ಉಪ್ಪಿಗೆ ಇರುವ ಮಿತಿಯೇ ಅದಕ್ಕೂ ಅನ್ವಯಿಸುತ್ತದೆ. ಇನ್ನು ಅಂಗಡಿಗಳಲ್ಲಿ 'ಲೋ ಸೋಡಿಯಂ' ಎಂಬ ಹೆಸರಿನಲ್ಲಿ ದೊರೆಯುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುತ್ತಾರೆ. ಮೂತ್ರಪಿಂಡ ರೋಗಿಗೆ ಅದು ಅಪಾಯಕಾರಿ, ಅದನ್ನು ಬಳಸಲೇಬಾರದು.

ಎರಡನೆಯ ಅಳತೆ: ಪೊಟ್ಯಾಸಿಯಂ

ದುರ್ಬಲವಾದ ಮೂತ್ರಪಿಂಡಗಳು ಪೊಟ್ಯಾಸಿಯಮ್ಮನ್ನು ಸಾಕಷ್ಟು ಹೊರಹಾಕಲಾರವು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಹಲವರಲ್ಲಿ ಮುನ್ಸೂಚನೆಯೂ ಇರುವುದಿಲ್ಲ. ಒಂದು ಲೋಟ ಎಳನೀರಿನಲ್ಲಿ ಸುಮಾರು 400ರಿಂದ 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಆರೋಗ್ಯವಂತನಿಗೆ ತಂಪನ್ನೀಯುವ ಪಾನೀಯವು ಈ ರೋಗಿಗೆ ವಿಷವಾಗುವುದು ಹೀಗೆ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದವರು ಎಳನೀರು, ಬಾಳೆಹಣ್ಣು, ಮೋಸಂಬಿ, ಕಿತ್ತಳೆ, ಖರ್ಜೂರ, ಗೆಣಸು, ಪಾಲಕ್, ನುಗ್ಗೆಸೊಪ್ಪು ಇವುಗಳನ್ನು ಬಿಡಬೇಕು. ಟೊಮೆಟೊ, ಆಲೂಗಡ್ಡೆಗಳನ್ನು ಬಹಳ ಮಿತಗೊಳಿಸಬೇಕು. ನಕ್ಷತ್ರಾಕಾರದ ಧಾರೆಹುಳಿ ಹಣ್ಣನ್ನು ಮಾತ್ರ ಯಾವ ಮೂತ್ರಪಿಂಡ ರೋಗಿಯೂ ತಿನ್ನಬಾರದು; ಅದರಲ್ಲಿ ಮಿದುಳಿಗೆ ಹಾನಿಮಾಡುವ ಅಂಶವಿದೆ.

ಹಾಗೆಂದು ತರಕಾರಿಯೇ ಬೇಡವೆಂದಲ್ಲ. ಹೀರೆಕಾಯಿ, ಸೋರೆಕಾಯಿ, ಪಡವಲಕಾಯಿ, ತೊಂಡೆಕಾಯಿ, ಎಲೆಕೋಸು, ಸೌತೆಕಾಯಿ ಇವು ರಾತ್ರಿಯೂಟಕ್ಕೆ ಯೋಗ್ಯವಾದವು. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳವಾದ ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿ ಒಗ್ಗರಣೆ ಹಾಕಿದರೆ ಪೊಟ್ಯಾಸಿಯಮ್ಮಿನ ಒಂದು ಭಾಗ ನೀರಿನೊಡನೆ ಹೊರಹೋಗುತ್ತದೆ. ಕುಕ್ಕರಿನಲ್ಲಿ ಬೇಯಿಸಿ ಆ ನೀರನ್ನೇ ಉಳಿಸಿಕೊಂಡರೆ ಪ್ರಯೋಜನವಿಲ್ಲ. ನಮ್ಮ ಮನೆಗಳಲ್ಲಿ ಹೋಳಿಗೆ ಮಾಡಿದ ದಿನ ಬೇಳೆಯ ಕಟ್ಟನ್ನು ಬಸಿದು ಕಟ್ಟಿನ ಸಾರು ಮಾಡುವುದು ವಾಡಿಕೆ. ತೆಳ್ಳಗಿರುವುದರಿಂದ ರೋಗಿಗೆ ಒಳ್ಳೆಯದೆಂದು ಅದನ್ನೇ ಬಡಿಸುತ್ತಾರೆ. ಆದರೆ ಬೇಳೆಯ ಪೊಟ್ಯಾಸಿಯಂ ಇಳಿದಿರುವುದು ಆ ಕಟ್ಟಿನಲ್ಲಿಯೇ. ಈ ರೋಗಿಗೆ ಕಟ್ಟು ಬೇಡ. ಬಸಿದ ಬೇಳೆಯಲ್ಲಿ ಸ್ವಲ್ಪ ಕೊಡಬಹುದು.

ಮೂರನೆಯ ಅಳತೆ: ಪ್ರೋಟೀನು

ಡಯಾಲಿಸಿಸ್ ಆರಂಭವಾಗದ ರೋಗಿಗೆ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನು ಸಾಕು. 60 ಕಿಲೋ ತೂಗುವವರಿಗೆ ಇದು 36ರಿಂದ 48 ಗ್ರಾಂ. ರಾತ್ರಿಯೂಟದ ಪಾಲು 12ರಿಂದ 15 ಗ್ರಾಂ. ಗಂಜಿಯೊಂದರಿಂದಲೇ ಇದು ಪೂರೈಸದು. ಪೂರೈಸದಿದ್ದರೆ ದೇಹವು ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತದೆ. ಆ ಯಜಮಾನರ ತೂಕ ಏಳು ಕಿಲೋ ಇಳಿದುದರ ಕಾರಣವಿದು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಲೆಕ್ಕ ಬೇರೆ. ಅವರಿಗೆ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ಮುಂದುವರಿಸಿ ಬಡವಾಗುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಇಂಥವರ ರಾತ್ರಿಯೂಟಕ್ಕೆ ಮನೆಯಲ್ಲೇ ಹಾಲು ಒಡೆಸಿ ಮಾಡಿದ ಉಪ್ಪಿಲ್ಲದ ಪನೀರನ್ನಾಗಲಿ, ತುಸು ಹೆಚ್ಚು ಬೇಳೆಯನ್ನಾಗಲಿ ತಜ್ಞರನ್ನು ಕೇಳಿ ಸೇರಿಸಬೇಕು.

ನಾಲ್ಕನೆಯ ಅಳತೆ: ನೀರು

ಎಲ್ಲ ರೋಗಿಗಳೂ ನೀರನ್ನು ಕಡಿಮೆ ಮಾಡಬೇಕೆಂದಿಲ್ಲ. ಎಲ್ಲರೂ ಹೆಚ್ಚು ಕುಡಿಯಬೇಕೆಂದೂ ಇಲ್ಲ. ಬಾವು ಇರುವವರು, ಮೂತ್ರ ಕಡಿಮೆಯಾದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ವೈದ್ಯರು ಹೇಳಿದ ಮಿತಿಯಲ್ಲಿರಬೇಕು. ಸಾರು, ಮಜ್ಜಿಗೆ, ಹಾಲು, ಗಂಜಿ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ಮರೆಯಬಾರದು.

ರಾತ್ರಿಯೂಟದ ಕೆಲವು ಮಾದರಿಗಳು

ಡಯಾಲಿಸಿಸ್ ಇಲ್ಲದ, 60 ಕಿಲೋ ತೂಕದ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾದರಿಗಳನ್ನು ಕೊಟ್ಟಿದ್ದೇನೆ.

1. ಜೋಳದ ರೊಟ್ಟಿಯ ಊಟ: ರೊಟ್ಟಿಗೆ ಉಪ್ಪು ಹಾಕದಿರುವ ನಮ್ಮ ರೂಢಿಯೇ ಇಲ್ಲಿ ವರವಾಗಿದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನು, 20 ಗ್ರಾಂ ತೊಗರಿಬೇಳೆಯ ತೊವ್ವೆಯಲ್ಲಿ 4 ಗ್ರಾಂ, 40 ಗ್ರಾಂ ಅಕ್ಕಿಯ ಅನ್ನದಲ್ಲಿ 3 ಗ್ರಾಂ, ಅರ್ಧ ಬಟ್ಟಲು ಮಜ್ಜಿಗೆಯಲ್ಲಿ 1 ಗ್ರಾಂ. ಒಟ್ಟು 13 ಗ್ರಾಂ. ಜೊತೆಗೆ ಹೀರೆಕಾಯಿ ಪಲ್ಯ: ಬಸಿದ ಹೀರೆಕಾಯಿಗೆ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವುಗಳ ಒಗ್ಗರಣೆ ಹಾಕಿ, ಇಳಿಸಿದ ಮೇಲೆ ನಿಂಬೆರಸದ ನಾಲ್ಕು ಹನಿ ಹಿಂಡಿ. ಶೇಂಗಾ ಪುಡಿ, ಗುರೆಳ್ಳು ಪುಡಿಗಳನ್ನು ಹಾಕಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಹೆಚ್ಚು.

2. ಚಪಾತಿ ಮತ್ತು ಸೋರೆಕಾಯಿ: ಉಪ್ಪಿಲ್ಲದೆ ನಾದಿದ ಹಿಟ್ಟಿನ ಎರಡು ಸಣ್ಣ ಚಪಾತಿ. ಕುದಿಸಿ ಬಸಿದ ಸೋರೆಕಾಯಿಗೆ ಬೇರೆಯಾಗಿ ಬೇಯಿಸಿ ಬಸಿದ ಒಂದು ಹಿಡಿ ಹೆಸರುಬೇಳೆ ಬೆರೆಸಿ, ಶುಂಠಿ, ಇಂಗು, ಜೀರಿಗೆಗಳ ಒಗ್ಗರಣೆ.

3. ಅನ್ನ, ಮೆಣಸಿನ ಸಾರು, ತೊಂಡೆಕಾಯಿ ಪಲ್ಯ: ಸಾರಿಗೆ ಟೊಮೆಟೊ ಬದಲು ನಿಂಬೆರಸ; ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿಗಳನ್ನು ಕುಟ್ಟಿ ಹಾಕಿ. ಪೊಟ್ಯಾಸಿಯಂ ಹೆಚ್ಚಿರುವ ದಿನಗಳಲ್ಲಿ ರೊಟ್ಟಿ, ಚಪಾತಿಗಳಿಗಿಂತ ಅಕ್ಕಿಯ ಅನ್ನವೇ ಮೇಲು.

4. ಎಲೆಕೋಸಿನ ಉಪ್ಪಿಟ್ಟು: ಅಡುಗೆಗೆ ಆಯಾಸವಾದ ದಿನ, ಅಕ್ಕಿರವೆಗೆ ಈರುಳ್ಳಿ ಮತ್ತು ಬಸಿದ ಎಲೆಕೋಸು ಸೇರಿಸಿ ಮಾಡಬಹುದು. ಜೊತೆಗೆ ಅರ್ಧ ಬಟ್ಟಲು ಮೊಸರು.

5. ಜೋಳದ ನುಚ್ಚು, ಮಜ್ಜಿಗೆ: ಹಲ್ಲಿಲ್ಲದ ಹಿರಿಯರಿಗೆ ಹಿತವಾದದ್ದು. ನೀರಿನ ಮಿತಿಯುಳ್ಳವರು ಮಜ್ಜಿಗೆಯನ್ನು ಅಳೆದು ಹಾಕಿಕೊಳ್ಳಲಿ. ಹಣ್ಣು ಬೇಕೆನಿಸಿದರೆ ಅರ್ಧ ಸೇಬು.

ಊಟವು ರಾತ್ರಿ ಎಂಟರೊಳಗೆ ಮುಗಿಯಲಿ. ಮಧುಮೇಹವುಳ್ಳವರು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ಬಿಡುವುದು ಬಹಳ ಅಪಾಯಕರ. ಮೂತ್ರಪಿಂಡ ದುರ್ಬಲವಾದಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಡುರಾತ್ರಿ ಸಕ್ಕರೆಯ ಅಂಶ ಕುಸಿಯಬಹುದು. ಬೆವರು, ನಡುಕ ಕಂಡು, ರೋಗಿ ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಸಿ. ಹಣ್ಣಿನ ರಸ ಬೇಡ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉಪವಾಸ, ದಾಸೋಹ ಮತ್ತು ಕಷಾಯ

ಶಿವರಾತ್ರಿ, ಶ್ರಾವಣ ಸೋಮವಾರಗಳಂದು ಭಕ್ತರು ಊಟ ಬಿಟ್ಟು ಫಲಾಹಾರ ಮಾಡುತ್ತಾರೆ. ಬಾಳೆಹಣ್ಣು, ಖರ್ಜೂರ, ಗೆಣಸು, ಶೇಂಗಾ, ಎಳನೀರು ಇವೆಲ್ಲ ಒಂದೇ ರಾತ್ರಿ ಒಟ್ಟಾಗಿ ಹೊಟ್ಟೆ ಸೇರುತ್ತವೆ. ಮೂತ್ರಪಿಂಡ ರೋಗಿಗೆ ಇದಕ್ಕಿಂತ ಅಪಾಯದ ಊಟ ಮತ್ತೊಂದಿಲ್ಲ. ಅಂದು ಕೂಡ ಮಿತವಾದ ಅನ್ನ, ಮಜ್ಜಿಗೆ ಸೇವಿಸಿ ಪೂಜೆ ಮಾಡಿಕೊಳ್ಳಲಿ. ರೋಗಿಯಾದವನು ದೇಹವನ್ನು ಕಾಪಾಡಿಕೊಳ್ಳುವುದರಲ್ಲಿ ಭಕ್ತಿಗೆ ಕೊರತೆಯಿಲ್ಲ. ಜಾತ್ರೆಯ ದಾಸೋಹದಲ್ಲಿ ಪಂಕ್ತಿಗೆ ಕುಳಿತಾಗ ಬಡಿಸುವವರಿಗೆ ಮೊದಲೇ ಹೇಳಿ ಅನ್ನವನ್ನೂ ಸ್ವಲ್ಪ ಸಿಹಿಯನ್ನೂ ಹಾಕಿಸಿಕೊಂಡು, ಸಾಂಬಾರು, ಉಪ್ಪಿನಕಾಯಿಗಳನ್ನು ಬೇಡವೆನ್ನಬಹುದು. ಮಧುಮೇಹಿಗಳು ಸಿಹಿಯನ್ನೂ ಬಿಡಲಿ. ತಟ್ಟೆಗೆ ಬಿದ್ದ ಮೇಲೆ ಪ್ರಸಾದವನ್ನು ಬಿಡುವ ಸಂಕಟ ಆಗ ಬರುವುದಿಲ್ಲ.

ಊಟದ ನಂತರ 'ಕಿಡ್ನಿಗೆ ಒಳ್ಳೆಯದು' ಎಂದು ಯಾರೋ ಕೊಟ್ಟ ಬೇರಿನ ಕಷಾಯ ಕುಡಿಯುವವರಿದ್ದಾರೆ. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ: ಗಿಡಮೂಲಿಕೆಯೆಲ್ಲ ನಿರಪಾಯವಲ್ಲ. ಈಶ್ವರಿ ಬೇರಿನಲ್ಲಿರುವ ಅರಿಸ್ಟೊಲೋಚಿಕ್ ಆಮ್ಲವು ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಹೆಸರು ತಿಳಿಯದ ಕಷಾಯ, ಭಸ್ಮಗಳನ್ನು ಮುಟ್ಟಬೇಡಿ. ಮೂತ್ರಪಿಂಡ ತಜ್ಞರು ಕೊಟ್ಟ ಔಷಧವನ್ನು ನಿಲ್ಲಿಸಬೇಡಿ. ನಮ್ಮಲ್ಲಿಗೆ ಬಂದಾಗಲೂ ಆ ಚೀಟಿಗಳನ್ನು ತೋರಿಸಿ.

ಆ ದಂಪತಿಗಳು ಎರಡು ತಿಂಗಳ ನಂತರ ಮತ್ತೆ ಬಂದರು. ಯಜಮಾನರ ಪೊಟ್ಯಾಸಿಯಂ 4.8ಕ್ಕೆ ಇಳಿದಿತ್ತು, ತೂಕ ಎರಡು ಕಿಲೋ ಏರಿತ್ತು. ನೋಟುಬುಕ್ಕಿನ ಹೊಸ ಪುಟದಲ್ಲಿ ಆ ತಾಯಿ ವಾರದ ಏಳು ರಾತ್ರಿಗಳ ಅಡುಗೆಯನ್ನು ಬರೆದುಕೊಂಡಿದ್ದರು. "ಈಗ ನಾನೂ ಅವರ ಜೋಡಿನ ಉಣ್ತೀನ್ರಿ" ಎಂದರು. ಗಂಡನ ಗಂಜಿಯ ಮುಂದೆ ರೊಟ್ಟಿ ತಿನ್ನಲು ಮನಸ್ಸು ಬಾರದೆ, ನಾಲ್ಕು ತಿಂಗಳು ಅವರೂ ಅರೆಹೊಟ್ಟೆಯಲ್ಲಿಯೇ ಮಲಗುತ್ತಿದ್ದರೆಂಬುದು ನನಗೆ ಅಂದೇ ತಿಳಿದದ್ದು.

ನಿಮ್ಮ ಮನೆಯಲ್ಲಿ ಇಂಥ ರೋಗಿಯಿದ್ದರೆ ಈ ಲೇಖನವನ್ನೂ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನೂ ಒಟ್ಟಿಗೆ ನಿಮ್ಮ ವೈದ್ಯರಿಗೆ ತೋರಿಸಿ, ಅಳತೆಗಳನ್ನು ನಿಮ್ಮವರಿಗೆ ತಕ್ಕಂತೆ ತಿದ್ದಿಸಿಕೊಳ್ಳಿ. ಮಲಗಿದಾಗ ಏದುಸಿರು, ಮೂತ್ರ ತೀರ ಕಡಿಮೆಯಾಗುವುದು, ಎದೆ ಬಡಿತದಲ್ಲಿ ಏರುಪೇರು, ಕೈಕಾಲುಗಳಲ್ಲಿ ಹಠಾತ್ ನಿಶ್ಶಕ್ತಿ, ಮಂಪರು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿರಿ.