ಕಡಲೆಕಾಯಿಯ ಬೂಷ್ಟುವಿಷವೂ ಅದನ್ನು ಬೇರ್ಪಡಿಸುವ ಕೊಳವೆಯೂ

ಚಳ್ಳಕೆರೆ, ಪಾವಗಡ ಮುಂತಾದ ಸೀಮೆಗಳಲ್ಲಿ ಕಡಲೆಕಾಯಿಯು ಮುಖ್ಯವಾದ ಫಸಲೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಸರಕನ್ನು ಸಹ ರಸಾಯನಶಾಲೆಯವರು ಪರೀಕ್ಷಿಸಿ ಅಯೋಗ್ಯವೆಂದು ತಳ್ಳಿಬಿಡುವುದುಂಟು. ಆಗ ಹಿಡುವಳಿದಾರರು ದಲ್ಲಾಳಿಯನ್ನು ನಿಂದಿಸುವುದೇ ವಾಡಿಕೆ. ಪರೀಕ್ಷೆಯು ನಡೆಯುವ ಕ್ರಮವನ್ನರಿತರೆ ಎಚ್ಚರಿಕೆಯು ಎಲ್ಲಿ ಬೇಕೆಂಬುದು ತಾನಾಗಿಯೇ ಗೊತ್ತಾಗುವುದು.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನಿಂದ ಹುಟ್ಟುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿಕೋಳಿಗಳು ಸತ್ತುದರಿಂದ ಇದು ಬೆಳಕಿಗೆ ಬಂದಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಪಿತ್ತಜನಕಾಂಗದ ರೋಗದಿಂದ ಮೃತರಾದರು. ಹುರಿದರೂ ಬೇಯಿಸಿದರೂ ಈ ವಿಷವು ಪೂರ್ಣವಾಗಿ ನಾಶವಾಗದು. ಯೂರೋಪಿನವರು ನೇರವಾಗಿ ತಿನ್ನುವ ಕಡಲೆಕಾಯಿಯಲ್ಲಿ ಒಂದು ಟನ್ನಿಗೆ 4 ಮಿಲಿಗ್ರಾಂಗಿಂತ ಹೆಚ್ಚು ವಿಷವಿದ್ದರೆ ಒಪ್ಪುವುದಿಲ್ಲ.

ಇಷ್ಟು ಅಲ್ಪವಾದ ವಸ್ತುವನ್ನು ಬೇರ್ಪಡಿಸಿ ಅಳೆಯುವ ಸಾಧನವೇ ಕಾಲಂ ಎಂಬ ಕೊಳವೆ. ಇದು ಉಕ್ಕಿನದು, ಸಾಧಾರಣವಾಗಿ ಒಂದು ಗೇಣಿನಷ್ಟು ಉದ್ದ, ಒಳಗಿನ ವ್ಯಾಸ 4.6 ಮಿಲಿಮೀಟರು. ಅದರೊಳಗೆ ಸಿಲಿಕಾ ಎಂಬ, ಮರಳಿನ ಜಾತಿಯ ಪುಡಿಯನ್ನು ಒತ್ತಾಗಿ ತುಂಬಿರುತ್ತಾರೆ. ಒಂದೊಂದು ಕಣವೂ ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲು ಮಾತ್ರ. ಆದುದರಿಂದ ದ್ರವವನ್ನು ಪಂಪಿನಿಂದ ಬಲವಾಗಿ ನೂಕದ ಹೊರತು ಅದು ಮುಂದಕ್ಕೆ ಹರಿಯದು.

1903ರಲ್ಲಿ ವಾರ್ಸಾ ನಗರದಲ್ಲಿ ತ್ಸ್ವೆಟ್ ಎಂಬ ಸಸ್ಯಶಾಸ್ತ್ರಜ್ಞರು ಎಲೆಯ ಬಣ್ಣಗಳನ್ನು ಕೊಳವೆಗಳಲ್ಲಿ ಬೇರ್ಪಡಿಸುವ ವಿಧಾನವನ್ನು ವಿವರಿಸಿದರು. ಹಳೆಯ ಪದ್ಧತಿಯಲ್ಲಿ ಕೊಳವೆಯ ಪುಡಿಯು ನೀರಿನ ಸ್ವಭಾವದ್ದು, ಹರಿಯುವ ದ್ರವವು ಎಣ್ಣೆಯ ಸ್ವಭಾವದ್ದು. ಈಗಿನದರಲ್ಲಿ ಇದು ತಿರುಗುಮುರುಗಾಗಿರುವುದರಿಂದಲೇ ವಿಪರ್ಯಯ ಪದ್ಧತಿ ಎನ್ನುವರು. ಸಿಲಿಕಾ ಕಣಗಳ ಮೈಗೆ ಹದಿನೆಂಟು ಇಂಗಾಲದ ಪರಮಾಣುಗಳ ಸರಪಣಿಯನ್ನು ಬೆಸೆದಿರುತ್ತಾರೆ. ಕಡಲೆಕಾಯಿ ಎಣ್ಣೆಯ ಓಲಿಯಿಕ್ ಆಮ್ಲದಲ್ಲಿರುವ ಇಂಗಾಲಗಳೂ ಹದಿನೆಂಟೇ. ಕೆಸುವಿನ ಎಲೆಯ ಮೇಲೆ ನೀರು ಹೇಗೆ ಅಂಟದೆ ಜಾರುವುದೋ ಹಾಗೆ, ನೀರನ್ನು ಮೆಚ್ಚುವ ವಸ್ತುಗಳು ಈ ಪುಡಿಯಲ್ಲಿ ನಿಲ್ಲದೆ ಬೇಗ ಹೊರಬೀಳುತ್ತವೆ. ಎಣ್ಣೆಯನ್ನು ಮೆಚ್ಚುವಂಥವು ತಡೆದು ತಡೆದು ಬರುತ್ತವೆ.

ಕಾಳನ್ನು ಅರೆದು, ಮೆಥನಾಲ್ ಮತ್ತು ನೀರಿನಲ್ಲಿ ವಿಷವನ್ನು ಇಳಿಸಿ, ಸೋಸಿ ಶುದ್ಧಮಾಡಿ, ಒಂದು ಹನಿಗಿಂತಲೂ ಕಡಿಮೆಯಾದ ಭಾಗವನ್ನು ಕೊಳವೆಗೆ ಬಿಡುತ್ತಾರೆ. ಜಿ-2, ಜಿ-1, ಬಿ-2, ಬಿ-1 ಎಂಬ ನಾಲ್ಕು ವಿಷಗಳು ಸಾಮಾನ್ಯವಾಗಿ ಇದೇ ಅನುಕ್ರಮದಲ್ಲಿ ಹೊರಬರುವುವು. ಅತ್ಯಂತ ಘೋರವಾದ ಬಿ-1 ಕಡೆಗೆ ಬರುತ್ತದೆ. ಮೊದಲೇ ಗೊತ್ತಾದ ಪ್ರಮಾಣದ ಶುದ್ಧವಿಷವನ್ನು ಹರಿಸಿ ನೋಡಿರುವುದರಿಂದ, ಹೊರಬಂದ ವೇಳೆಯಿಂದ ಹೆಸರೂ, ಹೊಳಪಿನಿಂದ ಪ್ರಮಾಣವೂ ನಿಶ್ಚಯವಾಗುತ್ತವೆ.

ಕೊಳವೆಯು ಹೇಳುವುದು ತನಗೆ ಕೊಟ್ಟ ಮಾದರಿಯ ವಿಷಯವನ್ನು ಮಾತ್ರ. ರಾಶಿಯಲ್ಲಿ ಬೂಷ್ಟು ಎಲ್ಲೆಡೆಯೂ ಸಮನಾಗಿರದು. ಸಾವಿರ ಕಾಳುಗಳಲ್ಲಿ ಕೆಟ್ಟ ಕಾಳೊಂದಿದ್ದರೂ ಸಾಕು, ಅದು ಬಿದ್ದ ಮಾದರಿಯು ತಪ್ಪುತ್ತದೆ, ಬೀಳದ ಮಾದರಿಯು ಗೆಲ್ಲುತ್ತದೆ. ಒಂದೇ ಚೀಲದಿಂದ ಬೊಗಸೆ ಕಾಯಿಯನ್ನು ಕಳುಹಿಸುವುದು ವ್ಯರ್ಥ. ಅನೇಕ ಚೀಲಗಳ ಮೇಲು, ನಡು, ತಳಗಳಿಂದ ತೆಗೆದು, ಕೂಡಿಸಿ, ಅರೆದು ಬೆರೆಸಿದ ಮೇಲೆಯೇ ಪರೀಕ್ಷೆಗೆ ಕೊಡತಕ್ಕದ್ದು.

ಕಟಾವಿಗೆ ಮುಂಚೆ ಮಳೆ ತಪ್ಪಿ ನೆಲ ಬಿಸಿಯೇರಿದ ವರ್ಷ ಹೊಲದಲ್ಲಿಯೇ ಬೂಷ್ಟು ತಗಲುವುದು. ಕಿತ್ತ ಬಳಿಕ ಒಡೆದ, ಹುಳು ತಿಂದ ಕಾಯಿಗಳನ್ನು ಆರಿಸಿ, ತೇವವು ನೂರಕ್ಕೆ ಎಂಟು ಪಾಲಿಗೆ ಇಳಿಯುವವರೆಗೆ ಒಣಗಿಸಬೇಕು. ಸುಲಿಯುವಾಗ ಕಾಳು ಒಡೆಯಬಾರದೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಗ್ರಾಮದ ಮುಖಂಡರು ನಿಲ್ಲಿಸಬೇಕು. ಒಣಗಿಸಿದ ಶ್ರಮವೆಲ್ಲ ಅದೊಂದರಿಂದಲೇ ಕೆಡುತ್ತದೆ. ಆರಿಸಿ ತೆಗೆದ ಕಾಯಿಯನ್ನು ಗಾಣಕ್ಕೂ ಹಾಕಕೂಡದು. ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಭಾಗವು ಹಿಂಡಿಯಲ್ಲಿಯೇ ಉಳಿದು, ಹಿಂಡಿ ತಿಂದ ಹಸುವಿನ ಹಾಲಿಗೆ ರೂಪಾಂತರದಿಂದ ಇಳಿಯುತ್ತದೆ. ಆ ಹಾಲಿನ ಪರೀಕ್ಷೆಯೂ ಇದೇ ಕೊಳವೆಯಲ್ಲಿ ನಡೆಯುವುದು.